ಹದಿನೈದು ಪದ

ಏಣಿ. ಬೆಣ್ಣೆ. ಕೈಗವಸು. ಸೇತುವೆ. ಕೋಳಿ.
ಹದಿನೈದನ್ನೂ ಒಂದೇ ದನಿಯಲ್ಲಿ ಓದಿ ಮುಗಿಸಿ
ಪೆನ್ನೆತ್ತಿ ಕಾಯುತ್ತಾಳೆ ಪರೀಕ್ಷೆ ಮಾಡುವ ಹುಡುಗಿ.

ವ್ಲಾಸ್ತಾ, ನಲವತ್ನಾಲ್ಕು, ಒಸ್ತ್ರಾವಾದಲ್ಲಿ ಟ್ರಾಮ್ ಚಾಲಕಿ
(ಆಗಿದ್ದಳು ಎನ್ನಬೇಕೇನೋ;
ಡಿಪೋದ ಕ್ಯಾಂಟೀನಿನಲ್ಲಿ ಸೂಪಿನ ತಟ್ಟೆಯ ಸಮೇತ ಬಿದ್ದ ದಿನದಿಂದ
ಲೈಸೆನ್ಸು ಮ್ಯಾನೇಜರನ ಮೇಜಿನ ಖಾನೆಯಲ್ಲಿದೆ)
ಏಣಿ, ಎನ್ನುತ್ತಾಳೆ. ಬೆಣ್ಣೆ. ಕೋಳಿ.
ಕಿಟಕಿಯಾಚೆ ಹಳೆಯ ಗಣಿಯ ಗುಡ್ಡದಿಂದ ಸಣ್ಣಗೆ ಹೊಗೆ.
ಹೊಗೆ ಪಟ್ಟಿಯಲ್ಲಿತ್ತೆ?
ಇರಲಿಲ್ಲ.
ತಡವರಿಸಿ, ಇನ್ನು ಮೂರು. ಒಟ್ಟು ಆರು.
ಹುಡುಗಿ ಬರೆದುಕೊಂಡಳು. ಮುಖದಲ್ಲಿ ಕನಿಕರ ಇಲ್ಲ, ಅದೇ ವಾಸಿ.

ಮಾತ್ರೆ ನುಂಗಿದರೆ ತಲೆ ಮಂಕಾಗುತ್ತದೆ ನೋಡು
ಅಂತ ಅಣ್ಣ ಓಲ್ದ್ರಿಖ್ ಹೆದರಿಸಿದ್ದ.
ಡಬ್ಬಿ ಇನ್ನೂ ಬ್ಯಾಗಿನಲ್ಲೇ ಇದೆ, ಸೀಲು ಒಡೆದಿಲ್ಲ.
ದೂರುವುದಕ್ಕೆ ಮಾತ್ರೆಯಾದರೂ ಇರುತ್ತಿತ್ತು, ಪಾಪ,
ಅದು ಗಂಟಲಿಗಿಳಿಯುವ ಮೊದಲೇ ಒಂಬತ್ತು ಪದ ಕಾಣೆ.

ಹಾಗಾದರೆ ಯಾವಾಗಿನಿಂದ?
ಒಂದೇ ವಾರದಲ್ಲಿ ಮೂರು ಸಲ ಉಪ್ಪು ಕೊಂಡದ್ದು.
ಹನ್ನೆರಡು ವರ್ಷದ ಸಹೋದ್ಯೋಗಿಯ ಹೆಸರು ಕೈಕೊಟ್ಟು
'ಏನಪ್ಪಾ, ಹೇಗಿದ್ದೀ' ಎಂದು ತೇಪೆ ಹಚ್ಚಿದ್ದು.
ನೀನು ಕೇಳಿಸಿಕೊಳ್ಳುವುದೇ ಇಲ್ಲ, ಎದುರಿಗೇ ಕೂತು ಎಲ್ಲೋ ಇರುತ್ತೀ
ಅಂತ ಸೂಟ್‌ಕೇಸು ಹಿಡಿದು ಹೊರಟ ಗಂಡ.
ಎಲ್ಲೋ ಇದ್ದದ್ದು ನಿಜ. ಎಂಟು ಸೆಕೆಂಡು, ಹತ್ತು ಸೆಕೆಂಡು.
ರಿಪೋರ್ಟಿನ ಒಂದು ಪ್ರತಿ ಅವನಿಗೂ ಹಾಕಬೇಕೆನಿಸಿತು.
ವಿಳಾಸ ನೆನಪಾಗಲಿಲ್ಲ. ನಕ್ಕಳು.

ಅವಳ ಅಜ್ಜಿಯ ಮಾತಿನಲ್ಲಿ ಈ ರೋಗಕ್ಕೆ
ಬೀಳುವ ಕಾಯಿಲೆ ಎಂದಷ್ಟೇ ಹೆಸರು.
ಬಿದ್ದವರು ಏಳುತ್ತಾರೆ, ಮಂಡಿ ಒರೆಸಿಕೊಳ್ಳುತ್ತಾರೆ, ಮುಗಿಯಿತು.
ನಮ್ಮಲ್ಲಿ ಅಪಸ್ಮಾರ.
ಸ್ಮರಣೆ ಜಾರಿದ್ದನ್ನು ಹೆಸರಿನೊಳಗೇ ಬಚ್ಚಿಟ್ಟ ಪದ.
ಅವಳಿಗೆ ಅದನ್ನು ಹೇಳುವವರು ಯಾರೂ ಇಲ್ಲ ಆ ಕೋಣೆಯಲ್ಲಿ.

ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದಾಗ ಆರು ನಾಲ್ಕಾಗಿತ್ತು.
ನಿಲ್ದಾಣ ಕೇಳಿ ನನ್ನನ್ನು, ಎಂದಳು ವ್ಲಾಸ್ತಾ, ಸಿಟ್ಟಿಗೆ.
ಕೇಳದಿದ್ದರೂ ಶುರು ಮಾಡಿದಳು: ಉಕ್ಕಿನ ಗೇಟು, ಈಜುಕೊಳ,
ಸಂತ ಬಾರ್ಬೊರಾಳ ಚರ್ಚು, ಅಲ್ಲಿ ಎಡ ತಿರುವು, ಹಳಿ ಕಿರುಗುಟ್ಟುತ್ತದೆ,
ಹೀಗೆ ಮೂವತ್ತೊಂದೂ.
ಹೇಳುವಾಗ ಮೇಜಿನ ಕೆಳಗೆ ಬಲಗಾಲು ಬ್ರೇಕು ಒತ್ತುತ್ತಿತ್ತು.
ಬಾಯಿಪಾಠ ಅಲ್ಲ ಅದು. ಕಾಲುಪಾಠ.
ಹುಡುಗಿ ಕೊನೆಯವರೆಗೂ ಕೇಳಿದಳು.
ಬರೆಯಲು ಅವಳ ಹಾಳೆಯಲ್ಲಿ ಅಂಕಣವಿರಲಿಲ್ಲ.

ಸಂಜೆ, ಟಿಕೆಟ್ಟು ಕೊಂಡು, ತನ್ನದೇ ಟ್ರಾಮಿನಲ್ಲಿ,
ಚಾಲಕನಿಗೆ ಬೆನ್ನು ಹಾಕಿ ಕೂತಳು.
ನದಿ ದಾಟುವಾಗ ಎಡಗೈ ಕೊರೆಯತೊಡಗಿತು. ಜೇಬು ತಡಕಿದಳು,
ಒಂದೇ ಇತ್ತು. ಇನ್ನೊಂದು ಆ ಮೇಜಿನ ಮೇಲೆ.
ಕೈಗವಸು! ಎಂದಳು, ಜೋರಾಗಿ.
ಪಕ್ಕದ ಮುದುಕ ತನ್ನ ಕೈ ನೋಡಿಕೊಂಡ.
ಏಳು, ಎಂದಳು ಅವನಿಗೆ.