ಹತ್ತನೆಯವಳು

ಇಪ್ಪತ್ತೆಂಟು ವರ್ಷ ಪೊನ್ನಂಪೇಟೆಯ ದನದಾಸ್ಪತ್ರೆಯಲ್ಲಿ
ಸಿರಿಂಜು ಹಿಡಿದವಳು ನಾನು.
ಒದೆಯುವ ಎಮ್ಮೆ, ಕಚ್ಚುವ ನಾಯಿ,
ಒಮ್ಮೆ ಶಾಲೆ ಮಕ್ಕಳು ಬುಟ್ಟಿಯಲ್ಲಿ ತಂದ
ಪುನುಗು ಬೆಕ್ಕಿನ ಮರಿ.
ಯಾರಿಗೂ ನೋಯದಂತೆ ಚುಚ್ಚುತ್ತೇನೆ
ಅಂದುಕೊಂಡಿದ್ದೆ, ಮೊನ್ನೆಯವರೆಗೆ.

ದೇಚು ಟಿಕೆಟ್ ಮಾಡಿಸಿಯೇ ಬಿಟ್ಟಳು. ಕೀನ್ಯಾ, ಹದಿನಾಲ್ಕು ದಿನ.
"ಆನೆ ನೋಡೋಕೆ ದುಡ್ಡು ಕೊಟ್ಟು ಅಷ್ಟು ದೂರವಾ?"
ಪಂಕ್ಚರ್ ಅಂಗಡಿಯ ಲಾಜರ್ ಕೇಳಿದ.
ಹಿಂದಿನ ರಾತ್ರಿಯಷ್ಟೇ ಒಂದು ಬಂದು
ಅವನ ಬಾಳೆ ತುಳಿದು ಹೋಗಿತ್ತು.
ಅಲ್ಲಿಯವು ಮನೆಗೆ ಬರುವುದಿಲ್ಲ ಲಾಜರ್,
ನಾವೇ ಹೋಗಬೇಕು, ಅಂದೆ.
ಅವನು ನಗಲಿಲ್ಲ.

ಹಳದಿ ಜ್ವರದ ಸೂಜಿ ಮಂಗಳೂರಿನಲ್ಲಿ.
ಸೀಸೆ ಒಡೆದರೆ ಹತ್ತು ಜನಕ್ಕೆ ಹಾಕಿ ಮುಗಿಸಬೇಕು,
ಹತ್ತು ಜನ ಸೇರುವ ತನಕ ಒಡೆಯುವುದಿಲ್ಲ.
ಬೆಂಚಿನ ಮೇಲೆ ಹಡಗಿನ ಹುಡುಗರು ಏಳು,
ಕಾಂಗೋಗೆ ಹೊರಟ ಕ್ರೇನ್ ಆಪರೇಟರ್ ಒಬ್ಬ, ದೇಚು.
ನಾನು ಬಾಗಿಲಲ್ಲೇ ಇದ್ದೆ, ಚಪ್ಪಲಿ ಬಿಡದೆ.
ಒಂಬತ್ತು ಜೊತೆ ಕಣ್ಣು ನನ್ನ ಮೇಲೆ.
ನಾನು ತಿರುಗಿ ಓಡಿದರೆ ಒಂದು ಹಡಗು ತಡ.

ನರ್ಸ್ ಹುಡುಗಿ ತೋಳು ಒರೆಸಿ
"ಆಚೆ ನೋಡಿ ಅಮ್ಮ" ಅಂದಳು.
ಅದೇ ಮಾತು, ಅದೇ ಧ್ವನಿ.
ನಾಯಿಗಳಿಗೆ ನಾನು ಹೇಳುವುದೂ ಅದನ್ನೇ.
ಅವು ಯಾವತ್ತೂ ಆಚೆ ನೋಡಿಲ್ಲ,
ನನ್ನ ಮುಖವನ್ನೇ ನೋಡುತ್ತವೆ.

ಈಗ ಊಟದ ಮೇಜಿನ ಮೇಲೆ ಎರಡು ರಾಶಿ.
ನನ್ನದು: ಬಿ.ಪಿ. ಮಾತ್ರೆ ಇಪ್ಪತ್ತು ದಿನಕ್ಕೆ
(ಹದಿನಾಲ್ಕು ಸಾಕೆಂದರೆ ಡಾಕ್ಟರ್ ಬೆಳ್ಯಪ್ಪ ಒಪ್ಪಲಿಲ್ಲ,
ವಿಮಾನ ನಮ್ಮ ಬಸ್ಸಿನ ಹಾಗೇ ಅಂತೆ),
ಸ್ಟ್ರಿಪ್ಪಿನಿಂದ ಬಿಡಿಸಬಾರದು, ಚೀಟಿ ಕೈಚೀಲದಲ್ಲೇ ಇರಬೇಕು;
ಮಲೇರಿಯಾ ಗುಳಿಗೆ, ಹಲ್ಲುನೋವಿಗೆ ಲವಂಗ.
ಇನ್ನೊಂದು ಸುಬೇದಾರನದು:
ಉಣ್ಣಿ ಜ್ವರ ಬಂದೂ ಉಳಿದವನು, ಹನ್ನೊಂದು ವರ್ಷ,
ಎಡಗಿವಿ ಕೇಳುವುದಿಲ್ಲ. ಅದಕ್ಕೆ ರಾತ್ರಿ ಎರಡು ಹನಿ,
ಗಂಟುನೋವಿನ ಮಾತ್ರೆ ಕಡಂಬುಟ್ಟಿನೊಳಗೆ ಅಡಗಿಸಿ.

ಲಾಜರನಿಗೆ ಬರೆದೆ:
ಕೋಳಿ ಮೂಳೆ ಬೇಡ. ಪಂದಿ ಕರಿ ಬೇಡವೇ ಬೇಡ.
ಏನೂ ತಿಂದಿಲ್ಲ ಎಂಬ ಮುಖ ಮಾಡುತ್ತಾನೆ, ನಂಬಬೇಡ.
ಆನೆ ಓಡಿಸಲು ಪಟಾಕಿ ಹೊಡೆದರೆ
ಹಳೆ ಟೈರುಗಳ ಹಿಂದೆ ಅಡಗಲು ಬಿಡು.
ಅನ್ನ ಬಿಟ್ಟರೆ ಒಂದು ದಿನ ಕಾಯಿ.
ಎರಡನೆಯ ದಿನ
ಅಲ್ಲಿ ಪೆನ್ನು ನಿಂತಿತು.
ಆಮೇಲೆ ಆಸ್ಪತ್ರೆಯ ನಂಬರ್ ಬರೆದು
ಅದರ ಕೆಳಗೆ ನನ್ನದೂ ಬರೆದೆ,
ಅಷ್ಟು ದೂರದಿಂದ ನಾನೇನು ಮಾಡಿಯೇನು.

ನನ್ನ ಹಳದಿ ಪುಸ್ತಕದಲ್ಲಿ ಮುದ್ರೆ ಒತ್ತಿದ್ದಾರೆ:
ಜೀವಮಾನಕ್ಕೆ ಒಂದೇ ಸಾಕು.
ಅವನ ಪುಸ್ತಕದಲ್ಲಿ ನನ್ನದೇ ಅಕ್ಷರ, ವರ್ಷಕ್ಕೊಂದು ಸಾಲು.
ರೇಬೀಸ್ ಸೂಜಿ ಇವತ್ತು ಅಡುಗೆಮನೆಯಲ್ಲೇ ಕೊಟ್ಟೆ.
ಅವನು ನನ್ನ ಮುಖ ನೋಡುತ್ತಿದ್ದ.
ನಾನೂ, ಮೊದಲ ಸಲ, ಸೂಜಿ ಬಿಟ್ಟು ಅವನದನ್ನು ನೋಡಿದೆ.
'ಮುಂದಿನ ತಾರೀಕು' ಎಂಬಲ್ಲಿ
ಬರುವ ವರ್ಷದ ಫೆಬ್ರವರಿ ಬರೆದೆ, ಒತ್ತಿ,
ಅಡಿಯ ಹಾಳೆಗೂ ಅಚ್ಚು ಬೀಳುವಂತೆ.

ಹೊರಗೆ ಕಣದಲ್ಲಿ ಕಾಫಿ ಒಣಗುತ್ತಿದೆ.
ಸುಬೇದಾರ ನನ್ನ ಸೂಟ್‌ಕೇಸಿನೊಳಗೆ,
ಮಡಿಸಿಟ್ಟ ಸ್ವೆಟರಿನ ಮೇಲೆ ಮಲಗಿದ್ದಾನೆ.
ಏಳೋ ಅಂದರೆ
ಕೇಳದ ಕಿವಿಯನ್ನು ನನ್ನ ಕಡೆ ತಿರುಗಿಸುತ್ತಾನೆ.