ಮೂರನೆಯ ದರ್ಜೆ

ಹೊಯ್ಗೆಬಜಾರಿನ ಧಕ್ಕೆಯಿಂದ
ಹಂಚಿನ ಕಾರ್ಖಾನೆಯ ಮಣ್ಣರೆಯುವ ಮಿಲ್ಲಿಗೆ
ಮುನ್ನೂರ ಹತ್ತು ಮಾರು.
ಹಳಿಗೂ ಹಳಿಗೂ ನಡುವೆ ಎರಡೇ ಅಡಿ,
ಒಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತರೆ ತುಂಬುವಷ್ಟು.

ಯಾವ ರೈಲ್ವೆ ನಕ್ಷೆಯಲ್ಲೂ ಇರಲಿಲ್ಲ ಈ ಲೈನು.
ಇದ್ದದ್ದು ನನ್ನ ಪುಸ್ತಕದಲ್ಲಿ:
ಒಂದು ಟ್ರಾಲಿ ಮಣ್ಣಿಗೆ ಒಂದು ಗೀಟು,
ನಾಲ್ಕಾದ ಮೇಲೆ ಐದನೆಯದು ಅಡ್ಡ.

ಫಿಟ್ಟರ್ ಎಲಿಯೇಜರ್ ಅಮ್ಮನ್ನರ ಬೆಂಚಿನ ಮೇಲ್ಗಡೆ
ಜಪಾನಿನ ಯಾವುದೋ ಬೇರಿಂಗ್ ಕಂಪೆನಿಯ ಕ್ಯಾಲೆಂಡರ್,
ವರ್ಷ ಮುಗಿದರೂ ಇಳಿಸಿರಲಿಲ್ಲ.
ಗದ್ದೆಯ ಬದುವಿನಲ್ಲಿ ಬೆಂಕಿಪೆಟ್ಟಿಗೆಯಂಥ ಬೋಗಿ.
ತಲೆಗೆ ಬಟ್ಟೆ ಕಟ್ಟಿದ ಮೂವರು
ಹಿಂದಿನಿಂದ ದೂಡುತ್ತಿದ್ದಾರೆ.
ಇಂಜಿನ್ ಇಲ್ಲವಾ, ಕೇಳಿದೆ.
"ಜನವೇ ಇಂಜಿನ್ ಮಾರಾಯ.
ಅಲ್ಲಿಯ ಹಳ್ಳಿಗಳಲ್ಲಿ ಹಾಗೆ ಉಂಟಿತ್ತಂತೆ,
ಹಡಗಿನವನೊಬ್ಬ ಹೇಳಿದ್ದು.
ಏರು ಬಂದರೆ ಒಂದನೆಯ ದರ್ಜೆಯವ ಕೂತೇ ಇರುವುದು,
ಎರಡನೆಯವ ಇಳಿದು ನಡೆಯುವುದು,
ಮೂರನೆಯವ
ಟಿಕೆಟಿಗೆ ದುಡ್ಡೂ ಕೊಟ್ಟು, ದೂಡುವುದು."

ದುಗ್ಗಮ್ಮನಿಗೆ ಹೇಳಿದೆ.
ಟ್ರಾಲಿಗೆ ಹೆಗಲು ಕೊಟ್ಟವಳು ಹಾಗೇ ನಿಂತು ನಕ್ಕಳು:
"ನಮಗೆ ಟಿಕೆಟ್ ಇಲ್ಲವಲ್ಲ, ಪುಣ್ಯ!"

ಆಟಿಯಲ್ಲಿ ಓಡ ಬಾರದು.
ಎರಡೇ ದಿನಕ್ಕೆ ಹಳಿಯೆಲ್ಲ ಕೆಂಪು,
ಹಂಚಿಗಿಂತ ಕೆಂಪು.
ನೆರೆ ಇಳಿದು ಮೊದಲ ಟ್ರಾಲಿ ಹೋದ ಬೆಳಿಗ್ಗೆ
ನಡುವೆ ಒಂದು ಗೆರೆ ಬೆಳ್ಳಗೆ ಎದ್ದು ಬರುತ್ತಿತ್ತು.
ಅದನ್ನು ನೋಡಲಿಕ್ಕೇ
ನಾನು ಅರ್ಧ ಗಂಟೆ ಮೊದಲು ಬರುವುದಿತ್ತು.
ಹಾಗಂತ ಯಾರಿಗೂ ಹೇಳಿಲ್ಲ.

ಆಮೇಲೆ ಮನೆಗಳ ನೆತ್ತಿಗೆ ಕಾಂಕ್ರೀಟು ಬಂತು.
ನನ್ನ ಕೊನೆಯ ಪುಟದಲ್ಲಿ ನಾಲ್ಕು ಗೀಟು, ಅಡ್ಡ ಇಲ್ಲ.
ಗುಜರಿ ಇದಿನಬ್ಬನ ಟೆಂಪೋಗೆ ಹಳಿ ಏರಿತು,
ಮಾರಿನಲ್ಲಿ ಅಳೆದದ್ದು ಕಿಲೋದಲ್ಲಿ ಹೋಯಿತು.
ದುಗ್ಗಮ್ಮ ಕೇಳಿಕೊಂಡದ್ದಕ್ಕೆ
ಎರಡು ತುಂಡು ಬಿಟ್ಟುಕೊಟ್ಟ.
ಅವಳ ಮನೆಯೆದುರಿನ ಚರಂಡಿಗೆ ಈಗ ಅದೇ ಸಂಕ.

ಮೊನ್ನೆ ಜೆಪ್ಪು ಮಾರ್ಕೆಟಿನ ಹತ್ತಿರ ಕಂಡಳು,
ಕೈಯಲ್ಲಿ ಬಂಗುಡೆಯ ತೊಟ್ಟೆ.
ಕರೆಯಲಿಲ್ಲ ನಾನು. ಹಿಂದೆಯೇ ನಡೆದೆ.
ಡಾಮರು ರಸ್ತೆ, ಬೇಕಾದಷ್ಟು ಅಗಲ;
ಆದರೂ ಅವಳ ಕಾಲು
ಇಲ್ಲದ ಸ್ಲೀಪರಿನಿಂದ ಇಲ್ಲದ ಸ್ಲೀಪರಿಗೆ,
ಒಂದಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ,
ಬೆನ್ನು ತುಸು ಮುಂದಕ್ಕೆ ಬಾಗಿ.
ಹಳೆಯ ಚಾಳಿ, ಎಣಿಸತೊಡಗಿದೆ:
ಒಂದು, ಎರಡು, ಮೂರು, ನಾಲ್ಕು.
ಐದಕ್ಕೆ ಸರಿಯಾಗಿ
ಅಡ್ಡ ಬಂತು ಒಂದು ಆಟೋ.