ಹನ್ನೆರಡು ಲೈನಿನ ಭ

ಸಾಗರದ ಮೊದಲ ಬಸ್ಸಿಗೆ ಬಂದಿಳಿದರು ಭರ್ಮಪ್ಪ ಗುಡಿಗಾರರು,
ಗೋಣಿಚೀಲದ ತುಂಬ ಅಕ್ಷರಮಾಲೆ.
ದುರ್ಗಿಗುಡಿಯ ನಮ್ಮ ಪ್ರೆಸ್ಸಿನ ಕಲ್ಲಿನ ಮೇಲೆ
ಒಂದೊಂದಾಗಿ ಇಟ್ಟರು, ಮುಖ ಮೇಲೆ ಮಾಡಿ.
ಎಲ್ಲವೂ ತಿರುಗುಮುರುಗು,
ಕನ್ನಡಿಯೊಳಗೆ ಕೂತು ನಮ್ಮನ್ನೇ ಓದುವ ಹಾಗೆ.

"ಗಂಧ ಸರ್ಕಾರದ್ದು. ಅಕ್ಷರಕ್ಕೆ ಶಿವನೆ ಸಾಕು" ಅಂದರು.

ಏನು ಅಕ್ಷರ!
ಇಳಿಯುವ ಗೆರೆ ಸಕ್ರೆಬೈಲಿನ ಆನೆಯ ಕಾಲು,
ತಿರುಗುವ ಗೆರೆ ಅದೇ ಆನೆಯ ಬಾಲದ ಕೂದಲು.
ನಡುವೆ ರಾಜಿಯಿಲ್ಲ.
ತಲೆಕಟ್ಟಿನ ತುದಿಗೆ ಇಷ್ಟೇ ಇಷ್ಟು ಪಾದ,
ಉಳಿ ಅಲ್ಲಿ ನಿಂತು ಯೋಚಿಸಿದ ಗುರುತು.

ಖಲೀಲ್ ಸಾಹೇಬರು ಕನ್ನಡಕ ಏರಿಸಿದರು:
"ಇಷ್ಟು ಸಣ್ಣ ಗೆರೆ ನಮ್ಮ ಟ್ರೆಡಲ್ಲಿಗೆ ತಡೀತದಾ?"
"ತಡೀದಿದ್ರೆ ಟ್ರೆಡಲ್ ಬದಲಾಯಿಸಿ."

ಮೊದಲ ಕೆಲಸ ಕುಸ್ತಿಯ ಪೋಸ್ಟರು.
ಭಾರಿ ಕುಸ್ತಿ.
ಎರಡೇ ಪದ, ಇಡೀ ಹಾಳೆಯ ಅಗಲ.
ಜೋಡಿಸಿದವಳು ನಾನು, ಫ್ಲೋರಿನ್ ಲೋಬೊ,
ಕೇಸಿನ ಮುಂದೆ ನಿಲ್ಲುವ ಒಬ್ಬಳೇ ಹೆಂಗಸು.
ಇನ್ನೂರರ ಹೊತ್ತಿಗೆ ಎಲ್ಲೋ ಟಿಕ್ ಎಂದಿತು.
ಮಿಷನ್ನಿನ ಸದ್ದಿನಲ್ಲಿ ಅದೂ ಒಂದು ಸದ್ದು.
ಐನೂರೂ ಒಣಗಿ ಗೋಡೆಗಳಿಗೆ ಹೋದವು.

ಊರು ಓದಿತು, ಯಾರಿಗೂ ಏನೂ ಅನಿಸಲಿಲ್ಲ.
ಊರಿನ ಬಾಯಲ್ಲಿ ಅದು ಮೊದಲಿಂದಲೂ ಬಾರಿ.
ಜಟ್ಟಿಗಳೇನೂ ಕಡಿಮೆ ಪಟ್ಟು ಹಾಕಲಿಲ್ಲ.

ಬಾಕಿ ಹಣಕ್ಕೆಂದು ಬಂದ ಗುಡಿಗಾರರು ಮಾತ್ರ
ಬಸ್‌ಸ್ಟ್ಯಾಂಡಿನ ಗೋಡೆಯೆದುರು ನಿಂತುಬಿಟ್ಟರಂತೆ.
ಆನೆ ಇದೆ,
ಬಾಲ ಇಲ್ಲ.

ಪ್ರೆಸ್ಸಿಗೆ ಬಂದು ಬೈಯಲಿಲ್ಲ, ಕೂತರು.
"ಬನ್ನಿ ಬರ್ಮಪ್ಪನವರೇ" ಅಂದೆ, ಎಂದಿನಂತೆ.
"ರೇಷನ್ ಕಾರ್ಡಿನಲ್ಲೂ ನಾನು ಬರ್ಮಪ್ಪ. ಓಟಿನ ಪಟ್ಟೀಲೂ.
ಅದು ಅವರ ಕೈ.
ಇದು ನನ್ನ ಕೈ ಮಾರಾಯ್ತಿ."

ಉಬ್ಬಸದ ಸಾಹೇಬರು ನಗಲು ಹೋಗಿ ಕೆಮ್ಮಿದರು:
"ನನಗಂತೂ ಅಲ್ಪಪ್ರಾಣವೇ ಸಾಕಾಗಿದೆ."
ನಾನು ಕಸದ ಡಬ್ಬಿ ನೆಲಕ್ಕೆ ಸುರಿದು ಹುಡುಕಿದೆ
ಮಹಾಪ್ರಾಣವನ್ನು.
ಅಕ್ಕಿನುಚ್ಚಿಗಿಂತ ಸಣ್ಣದು.
ಸಿಗಲಿಲ್ಲ.

ಹಿತ್ತಾಳೆ ರೂಲಿನ ಒಂದು ಚೂರು ಕೇಳಿದರು.
ಅರದಲ್ಲಿ ಉಜ್ಜಿ ಉಜ್ಜಿ ಕೂದಲು ಮಾಡಿ
ಮರಕ್ಕೊಂದು ಸೀಳು ಕೊಟ್ಟು
ಉಸಿರು ಹಿಡಿದು ಕೂರಿಸಿದರು.
ಅಷ್ಟರಲ್ಲಿ ಚಹಾ ಆರಿತ್ತು. ಕುಡಿಯದೆ ಹೋದರು,
ಬಾಕಿ ಹಣ ಕೇಳುವುದನ್ನೂ ಮರೆತು.

ಪ್ರೆಸ್ಸು ಮುಚ್ಚಿದ ವರ್ಷ ಅಕ್ಷರಗಳು ತೂಕಕ್ಕೆ ಹೋದವು,
ಹೋಟೆಲ್ಲೊಂದರ ಒಲೆಗೆ.
ಕ ದಿಂದ ಳ ವರೆಗೆ ಎಷ್ಟು ದೋಸೆ ಬೆಂದವೋ.
ಇದೊಂದು ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಪಾರಾಯಿತು.

ಈಗ ಕರೆಂಟು ಬಿಲ್ಲುಗಳ ಮೇಲೆ ಭಾರಕ್ಕೆ ಇಟ್ಟಿದ್ದೇನೆ.
ಶಿವನೆ ವರ್ಷವರ್ಷವೂ ಒಣಗಿ ಕುಗ್ಗುತ್ತದೆ,
ಹಿತ್ತಾಳೆ ಇದ್ದಲ್ಲೇ ಇದೆ,
ಹಾಗಾಗಿ ಬಾಲ ಒಂದು ನೂಲು ಮೇಲೆದ್ದಿದೆ.

ಮೊನ್ನೆ ಬಿಲ್ಲು ಎಳೆಯುವಾಗ ಚುಚ್ಚಿತು.
ಬೆರಳು ಬಾಯಿಗಿಡುವ ಮುಂಚೆ
ಅವರ ಹೆಸರನ್ನು ಒಮ್ಮೆ
ಸರಿಯಾಗಿ ಕರೆದೆ.